ಗೇಣೆತ್ತರದ ಲೆಕ್ಕ

ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನನ್ನ ತಂಗಿ ಒಲೆಯ ಮೇಲಿಂದ ಆಲೂಗಡ್ಡೆ ಬೇಯಿಸಿದ ದೊಡ್ಡ ಪಾತ್ರೆಯನ್ನು ಇಳಿಸಲು ಹೋದಳು. ಅದರ ಎರಡೂ ಹಿಡಿಗಳನ್ನು ಬಟ್ಟೆಯಲ್ಲಿ ಹಿಡಿದು ಪಾತ್ರೆಯನ್ನು ಒಂದು ಬೆರಳಿನಷ್ಟು ಎತ್ತಿದಳು, ಹಾಗೇ ಹಿಡಿದು ನಿಂತಳು, ಮತ್ತೆ ಒಲೆಯ ಮೇಲೆಯೇ ಇಟ್ಟಳು. ಇನ್ನೊಮ್ಮೆ ಎತ್ತಿದಳು, ಇಟ್ಟಳು. ಮೂರನೆಯ ಸಲ ಎತ್ತಿಕೊಂಡು ಸಿಂಕಿನ ಕಡೆ ನಡೆದಳು.

"ಏನೇ ಅದು, ಪಾತ್ರೆಗೆ ಉಯ್ಯಾಲೆ ಆಡಿಸ್ತಿದ್ದೀಯಾ?" ಅಂದೆ.

"ಕೈ ಅಭ್ಯಾಸ ಅಕ್ಕ. ಕ್ರೇನಲ್ಲೂ ಹೀಗೇನೇ. ಬಕೆಟ್ ತುಂಬಿದ ಮೇಲೆ ಗೇಣೆತ್ತರ ಎತ್ತಿ ನಿಲ್ಲಿಸ್ತೀನಿ, ಬ್ರೇಕು ಹಿಡೀತಾ ನೋಡ್ತೀನಿ, ಇಳಿಸ್ತೀನಿ. ಇನ್ನೊಂದ್ಸಲ ಎತ್ತಿ, ಬಕೆಟ್ ಒಂದು ಕಡೆ ವಾಲುತ್ತಾ ಅಂತ ನೋಡ್ತೀನಿ, ಇಳಿಸ್ತೀನಿ. ಆಮೇಲೇ ಹೊರೋದು. ನಂಗೆ ಕ್ರೇನ್ ಕಲಿಸಿದ ಮುದುಕಪ್ಪ ಹಾಗೇ ಕಲಿಸಿದ್ದು. ಎರಡು ಸಲ ಕೇಳು, ಮೂರನೇ ಸಲ ನಂಬು ಅಂತಿದ್ದ. ಹೆಂಡ್ತಿ ಹತ್ರಾನೂ ಹಂಗೇ ಮಾಡ್ತಿದ್ನೋ ಏನೋ, ಅವಳು ತವರಿಗೆ ಹೋದವಳು ಬರಲೇ ಇಲ್ಲ."

ನನ್ನ ಏಳು ವರ್ಷದ ಮಗಳು ಪುಟ್ಟಿ ಕಿಲಕಿಲ ನಕ್ಕು ತನ್ನ ನೀರಿನ ಲೋಟವನ್ನು ಎತ್ತಿ ಇಳಿಸಿ ಎತ್ತಿ ಇಳಿಸಿ, ಅರ್ಧ ನೀರನ್ನು ಮೇಜಿನ ಮೇಲೆ ಚೆಲ್ಲಿದಳು. ನಾನು ಒರೆಸಲು ಏಳಲಿಲ್ಲ. ಈರುಳ್ಳಿಯ ಮೇಲೆ ಚಾಕು ನಿಂತುಬಿಟ್ಟಿತ್ತು.

"ಪ್ರತಿ ಸಲಾನೂ ಹಾಗೇ ಮಾಡ್ತೀಯಾ?"

"ಪ್ರತಿ ಸಲಾನೂ. ಯಾಕೆ?"

"ದಿನಕ್ಕೆ ಅರವತ್ತು ಸಲ ಎತ್ತೋದು ಅಂತ ಬರೆದಿತ್ತಲ್ಲ."

"ಅರವತ್ತು ಬಕೆಟ್. ಎತ್ತೋದು ಅದರ ಮೂರರಷ್ಟು. ಅಕ್ಕ, ಯಾಕೆ ಮುಖ ಹಾಗೆ ಮಾಡ್ಕೊಂಡೆ?"

ನಾನು ಲೋಹಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಹದಿಮೂರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ತಂಗಿ ಎರಕದ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಾಳೆ. ಕರಗಿದ ಉಕ್ಕು ತುಂಬಿದ ಬಕೆಟ್ಟನ್ನು ಕುಲುಮೆಯ ಬಾಯಿಂದ ಅಚ್ಚುಗಳ ಸಾಲಿನವರೆಗೆ ಹೊತ್ತು ತರುವುದು ಅವಳ ಕೆಲಸ. ಆರು ತಿಂಗಳ ಹಿಂದೆ ಆ ಕ್ರೇನಿನ ಕೊಕ್ಕೆಯ ಕೊರಳಿನಲ್ಲಿ, ದೊಡ್ಡ ನಟ್ಟು ಮುಚ್ಚಿಕೊಂಡಿರುವ ಜಾಗದಲ್ಲಿ, ಎರಡು ಮಿಲಿಮೀಟರ್ ಆಳದ ಬಿರುಕು ಇದೆಯೆಂದು ತಪಾಸಣೆಯವರು ಹೇಳಿದರು. ಕೊಕ್ಕೆಯನ್ನು ಅಂದೇ ತೆಗೆಯಬೇಕಿತ್ತು. ಹೊಸದು ತಯಾರಾಗಿ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಅಲ್ಲಿಯವರೆಗೆ ಇದನ್ನೇ ಬಳಸಬಹುದೇ ಎಂದು ಕಾರ್ಖಾನೆಯವರು ನಮ್ಮನ್ನು ಕೇಳಿದರು. ಲೆಕ್ಕ ಹಾಕಿದವಳು ನಾನೇ.

ಲೆಕ್ಕ ಹಾಕುವ ಬಗೆ ಇದು. ಅದೇ ಉಕ್ಕಿನ ತುಂಡಿಗೆ ಅದೇ ಆಳದ ಗೀರು ಹಾಕಿ ಯಂತ್ರಕ್ಕೆ ಕಚ್ಚಿಸುತ್ತೇವೆ. ಯಂತ್ರ ಎಳೆಯುತ್ತದೆ, ಬಿಡುತ್ತದೆ. ಎಳೆಯುವಾಗ ಪರದೆಯ ಮೇಲೆ ಒಂದು ಗೆರೆ ಏರುತ್ತದೆ, ಬಿಡುವಾಗ ಇಳಿಯುತ್ತದೆ. ಏರಿದ ದಾರಿಯಲ್ಲೇ ಇಳಿದರೆ ಲೋಹ ತನಗೆ ಕೊಟ್ಟ ಶಕ್ತಿಯನ್ನೆಲ್ಲ ಹಿಂದೆ ಕೊಟ್ಟಿತು ಎಂದರ್ಥ. ಹಾಗಾಗುವುದಿಲ್ಲ. ಎರಡು ಗೆರೆಗಳ ನಡುವೆ ಅಕ್ಕಿಕಾಳಿನಂಥ ಸಣ್ಣ ಕುಣಿಕೆ ಉಳಿಯುತ್ತದೆ. ಆ ಕುಣಿಕೆಯೊಳಗಿನ ಜಾಗವೇ ಲೋಹ ತಿಂದ ಶಕ್ತಿ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಗ್ಗಿದ ಜಾಗ ಬಿಸಿಯಾಗುತ್ತದಲ್ಲ, ಅದೂ ಇದೇ. ತಿಂದದ್ದರಲ್ಲಿ ಹೆಚ್ಚಿನದು ಬಿಸಿಯಾಗಿ ಹೋಗುತ್ತದೆ, ಉಳಿದದ್ದು ಬಿರುಕಿನ ತುದಿಯನ್ನು ಮುಂದಕ್ಕೆ ತಳ್ಳುತ್ತದೆ. ಬಿರುಕು ಒಂದು ಕೂದಲೆಳೆ ಬೆಳೆಯಲು ಎಷ್ಟು ತಿನ್ನಬೇಕು, ಒಂದು ಎಳೆತಕ್ಕೆ ಎಷ್ಟು ತಿನ್ನುತ್ತಿದೆ, ಇವೆರಡು ತಿಳಿದರೆ ಇನ್ನೆಷ್ಟು ಎಳೆತಕ್ಕೆ ಮುರಿಯುತ್ತದೆಂದು ಹೇಳಬಹುದು. ಮನುಷ್ಯರಂತೆಯೇ ಲೋಹವೂ ಉಂಡ ಮನೆಗೆ ಎರಡು ಬಗೆಯುತ್ತದೆ. ಆದರೆ ಎಂದು ಬಗೆಯುತ್ತದೆಂಬುದನ್ನು ಕುಣಿಕೆಯಲ್ಲಿ ಮೊದಲೇ ತೋರಿಸುತ್ತದೆ.

ನನ್ನ ಕುಣಿಕೆಗಳು ತಪ್ಪಿರಲಿಲ್ಲ. ಮೂವತ್ತಾರು ಸಾವಿರ ಸಲ ಭಾರ ಹೊತ್ತರೆ ಮುರಿಯುತ್ತದೆ ಎಂದು ಬಂತು. ಯಂತ್ರದಲ್ಲಿ ಮುರಿಯುವವರೆಗೂ ಎಳೆಸಿದ ಆರು ತುಂಡುಗಳ ಸರಾಸರಿಯೂ ಅಷ್ಟೇ ಬಂತು. ಸುರಕ್ಷತೆಗೆಂದು ಅರ್ಧ ಮಾಡಿ ಹದಿನೆಂಟು ಸಾವಿರ ಎಂದು ಬರೆದೆ. ದಿನಕ್ಕೆ ಎಷ್ಟು ಸಲ ಎತ್ತುತ್ತೀರಿ ಎಂಬ ಪ್ರಶ್ನೆಗೆ ಕಾರ್ಖಾನೆಯ ಮೇಲ್ವಿಚಾರಕ ಅರವತ್ತು ಎಂದು ತುಂಬಿದ್ದ. ಮುನ್ನೂರು ಕೆಲಸದ ದಿನ ಬಳಸಬಹುದು ಎಂದು ವರದಿ ಹೋಯಿತು.

ಪುಟ್ಟಿಯ ಚಿತ್ರದ ಹಾಳೆಯ ಹಿಂಬದಿಯಲ್ಲಿ ಗುಣಿಸಿದೆ. ಅರವತ್ತರ ಮೂರರಷ್ಟು ನೂರ ಎಂಬತ್ತು. ಗೇಣು ಎತ್ತಿದರೂ ಆಳೆತ್ತರ ಎತ್ತಿದರೂ ಕೊಕ್ಕೆಗೆ ಬೀಳುವ ಭಾರ ಒಂದೇ. ಆರು ತಿಂಗಳು, ತಿಂಗಳಿಗೆ ಇಪ್ಪತ್ತೈದು ದಿನ. ಇಪ್ಪತ್ತೇಳು ಸಾವಿರ. ನಾನು ಹಾಕಿದ ಗೆರೆಯನ್ನು ದಾಟಿ ಎರಡು ತಿಂಗಳಾಗಿತ್ತು. ಆರು ತುಂಡುಗಳಲ್ಲಿ ಎಲ್ಲಕ್ಕಿಂತ ಬೇಗ ಮುರಿದದ್ದು ಇಪ್ಪತ್ತಾರೂವರೆ ಸಾವಿರಕ್ಕೆ ಮುರಿದಿತ್ತು.

"ನಾಳೆ ಕೆಲಸಕ್ಕೆ ಹೋಗ್ಬೇಡ," ಅಂದೆ.

ತಂಗಿ ಹಾಳೆಯನ್ನು ನೋಡಿದಳು. ಎಣಿಕೆ ಅವಳಿಗೆ ನನಗಿಂತ ಬೇಗ ಅರ್ಥವಾಯಿತು. "ಅಂದ್ರೆ ನಾನು ಹುಷಾರಾಗಿ ಎತ್ತಿದ್ದೇ ತಪ್ಪಾಯ್ತಾ?"

"ಇಲ್ಲಮ್ಮ. ನಾನು ಕೇಳದೇ ಇದ್ದದ್ದು ತಪ್ಪು."

"ನಾನು ರಜೆ ಹಾಕಿದ್ರೆ ಇನ್ನೊಬ್ಬನ್ನ ಹತ್ತಿಸ್ತಾರೆ, ಅಷ್ಟೇ. ಬಕೆಟ್ ಬಿದ್ರೆ ಕೆಳಗಿರೋ ಎಂಟು ಜನಕ್ಕೆ ಓಡೋಕೂ ಟೈಮಿರಲ್ಲ. ನನ್ನ ಕ್ಯಾಬಿನ್ನೂ ಅದರ ಪಕ್ಕದಲ್ಲೇ ತೂಗಾಡ್ತಿರುತ್ತೆ. ನಿನ್ನ ಕಾಗದ ಬರ್ಲಿ. ಬಂದ ತಕ್ಷಣ ಇಳೀತೀನಿ." ಅವಳು ಆಲೂಗಡ್ಡೆಯ ಸಿಪ್ಪೆ ಸುಲಿಯತೊಡಗಿದಳು. ಬಿಸಿಯಿದ್ದರೂ ಸುಲಿದಳು.

ನಮ್ಮ ಪ್ರಯೋಗಾಲಯದ ಮುಖ್ಯಸ್ಥರನ್ನು ಎಲ್ಲರೂ ದೊಡ್ಡವರು ಎನ್ನುತ್ತೇವೆ. ಫೋನ್ ಮಾಡಿದೆ. "ಭಾನುವಾರ ಕಣಮ್ಮ, ನಾಳೆ ಬಾ," ಎಂದು ಇಟ್ಟರು.

ಸೋಮವಾರ ಒಂಬತ್ತಕ್ಕೆ ಅವರ ಕೋಣೆಯಲ್ಲಿದ್ದೆ. ತಂಗಿ ಎಂಟಕ್ಕೇ ಕ್ಯಾಬಿನ್ ಹತ್ತಿದ್ದಳು. ಎಂಟು ನಿಮಿಷಕ್ಕೊಂದು ಬಕೆಟ್. ಅವರು ಕನ್ನಡಕ ಒರೆಸಿಕೊಂಡು ಹಾಳೆಯನ್ನು ನೋಡುವಷ್ಟರಲ್ಲಿ ಒಂದು ಹೋಯಿತು.

"ಸುರಕ್ಷತೆಗೆ ಅರ್ಧ ಮಾಡಿದ್ದೀವಲ್ಲ?" ಎಂದರು.

"ಎರಡು ಪಟ್ಟು ಉಳಿಸಿದ್ವಿ ಸಾರ್. ಮೂರು ಪಟ್ಟು ಖರ್ಚಾಗ್ತಿದೆ."

"ಹೂಂ. ಹಾಗಂತ ವರದಿ ವಾಪಸ್ ತಗೊಂಡ್ರೆ ನಮ್ಮ ಸೀಲಿಗೆ ಏನು ಬೆಲೆ? ನಾಳೆಯಿಂದ ಯಾರು ನಂಬ್ತಾರೆ?" ಸ್ವಲ್ಪ ಯೋಚಿಸಿದರು. ಅವರ ಮುಖ ಅರಳಿತು. "ಒಂದು ಕೆಲಸ ಮಾಡೋಣ. ಸಣ್ಣ ಟಿಪ್ಪಣಿ ಕಳಿಸೋಣ. ಚಾಲಕಿಯ ಅನಗತ್ಯ ಎತ್ತುವಿಕೆಯಿಂದ ಕೊಕ್ಕೆಯ ಆಯುಷ್ಯ ಕಡಿಮೆಯಾಗುತ್ತಿದೆ, ಇನ್ನು ಮುಂದೆ ಒಂದೇ ಸಲಕ್ಕೆ ಎತ್ತತಕ್ಕದ್ದು. ಹೊಸ ಕೊಕ್ಕೆ ಹದಿನೈದು ದಿನಕ್ಕೆ ಬರುತ್ತಂತೆ. ಹಾವೂ ಸತ್ತೋಯ್ತು, ಕೋಲೂ ಮುರೀಲಿಲ್ಲ."

"ಅವಳು ಗೇಣೆತ್ತರ ಎತ್ತೋದು ಬ್ರೇಕು ಹಿಡೀತಾ ಅಂತ ನೋಡೋಕೆ ಸಾರ್. ಬ್ರೇಕು ನೋಡಬೇಡ ಅಂತ ಬರೀಬೇಕಾ ನಾನು?"

"ಕೊಕ್ಕೆಗೆ ಒಳ್ಳೇದಲ್ವಾ?"

"ಕೆಳಗಿರೋರಿಗೆ?"

"ನೋಡಮ್ಮ, ನಿನ್ನ ತಂಗಿ ಅಂತ ಭಾವನೆ ಬೆರೆಸಬೇಡ. ಇದು ತಾಂತ್ರಿಕ ವಿಷಯ."

ನನಗೆ ಸಿಟ್ಟು ಬೇಗ ಬರುವುದಿಲ್ಲ. ಮನೆಯಲ್ಲಿ ಹಾಲು ಉಕ್ಕಿದರೂ, ಗೋಡೆಯ ಮೇಲೆ ಬಣ್ಣ ಬಳಿದರೂ, "ಆಯ್ತು ಬಿಡು ಕಂದ" ಅನ್ನುವವಳು ನಾನು. ಆ ಕೋಣೆಯಲ್ಲಿ ಬಂತು. ಅವರ ಮೇಜಿನ ಮೇಲಿದ್ದ ಬಿಳಿ ಹಾಳೆಯನ್ನು ಎಳೆದುಕೊಂಡು, ನಿಂತೇ ಬರೆದೆ: ಈ ಕೊಕ್ಕೆಯ ಬಗ್ಗೆ ನಾನು ಹಾಕಿದ ಲೆಕ್ಕ ತಪ್ಪು. ಈ ಕ್ಷಣದಿಂದ ಇದನ್ನು ಬಳಸಬಾರದು. ಕೆಳಗೆ ಸಹಿ ಹಾಕಿದೆ.

"ಸೀಲು ಹಾಕಲ್ಲ ನಾನು," ಎಂದರು ದೊಡ್ಡವರು.

"ಕೇಳಿಲ್ಲ ಸಾರ್," ಅಂದು ಹೊರಬಿದ್ದೆ.

ಕಾರ್ಖಾನೆಗೆ ಬಸ್ಸಿನಲ್ಲಿ ನಲವತ್ತು ನಿಮಿಷ. ಐದು ಬಕೆಟ್. ಪ್ರತಿ ನಿಲ್ದಾಣದಲ್ಲೂ ಯಾರೋ ನಿಧಾನವಾಗಿ ಹತ್ತುತ್ತಿದ್ದರು, ಚಿಲ್ಲರೆ ಹುಡುಕುತ್ತಿದ್ದರು. ಒಬ್ಬ ಅಜ್ಜಿಯನ್ನು ನೋಡಿ ಹಲ್ಲು ಕಚ್ಚಿದೆ. ಅವಳ ತಪ್ಪೇನಿತ್ತು?

ಎರಕದ ಮನೆಯೊಳಗೆ ಕಾಲಿಟ್ಟರೆ ಮೊದಲು ಬಡಿಯುವುದು ಸುಟ್ಟ ಮರಳಿನ ವಾಸನೆ, ಆಮೇಲೆ ಸೆಕೆ. ನೆಲದುದ್ದಕ್ಕೂ ಅಚ್ಚಿನ ಪೆಟ್ಟಿಗೆಗಳು, ಅವುಗಳ ನಡುವೆ ದಪ್ಪ ಏಪ್ರನ್ ಕಟ್ಟಿದ ಎರಕದವರು. ಮೇಲೆ, ಹಳಿಗಳ ಮೇಲೆ, ತಂಗಿಯ ಗಾಜಿನ ಕ್ಯಾಬಿನ್. ಕುಲುಮೆಯ ಬಾಯಡಿಯಲ್ಲಿ ಬಕೆಟ್ ತುಂಬುತ್ತಿತ್ತು. ಕೊಕ್ಕೆ ಅದರ ಹಿಡಿಯಲ್ಲಿ ಸಡಿಲವಾಗಿ ಕೂತಿತ್ತು. ಬಿರುಕು ಇದ್ದ ಕೊರಳು ಹೊರಗೆ ಕಾಣುತ್ತಲೇ ಇರಲಿಲ್ಲ. ನಟ್ಟಿನ ಮೇಲೆ ಯಾರೋ ಹೊಸದಾಗಿ ಹಳದಿ ಬಣ್ಣ ಬಳಿದಿದ್ದರು.

ಮೇಲ್ವಿಚಾರಕ ಓಡಿಬಂದ. ಏನು ಹೇಳಿದರೂ "ಆಗೋಯ್ತು" ಎನ್ನುತ್ತಾನೆಂದು ತಂಗಿ ಅವನಿಗೆ ಅದನ್ನೇ ಹೆಸರಿಟ್ಟಿದ್ದಾಳೆ.

"ಗೊತ್ತಾಯ್ತು ಮೇಡಂ, ನಿಮ್ಮ ದೊಡ್ಡವರು ಈಗಷ್ಟೇ ಟಿಪ್ಪಣಿ ಕಳಿಸಿದ್ರು. ಇನ್ಮೇಲೆ ಒಂದೇ ಸಲ ಎತ್ತು ಅಂತ ಅವಳಿಗೆ ಹೇಳ್ತೀನಿ. ಆಗೋಯ್ತು."

ನಾನು ಬಸ್ಸಿನಲ್ಲಿದ್ದಾಗಲೇ ಆ ವಾಕ್ಯ ನನಗಿಂತ ಮುಂಚೆ ಬಂದು ಮುಟ್ಟಿತ್ತು. ನನ್ನ ಹಾಳೆಯನ್ನು ಅವನ ಕೈಗಿಟ್ಟೆ.

ಓದಿ ತಿರುಗಿಸಿ ನೋಡಿದ. "ಇದಕ್ಕೆ ಸೀಲೇ ಇಲ್ವಲ್ಲ. ಇದು ನಿಮ್ಮ ಮನೆ ಚೀಟಿ. ಎರಡು ಕೆಜಿ ಈರುಳ್ಳಿ ಅಂತ ಬರೆದ ಹಾಗಿದೆ."

"ನಿಲ್ಲಿಸಿ ಅದನ್ನ."

"ಕುಲುಮೆಯಲ್ಲಿ ಉಕ್ಕು ಕರಗಿ ನಿಂತಿದೆ ಮೇಡಂ. ಗಟ್ಟಿಯಾದ್ರೆ ಯಾರು ಹೊಣೆ? ಹದಿನೈದು ದಿನ ತಡ್ಕೊಳ್ಳಿ, ಆಗೋ—"

"ನಿಲ್ಲಿಸು ಅಂದೆ!"

ಹೆತ್ತ ಮಗಳ ಮೇಲೂ ಒಮ್ಮೆಯೂ ಹಾಗೆ ಕೂಗಿದವಳಲ್ಲ. ಧ್ವನಿ ತಗಡಿನ ಚಾವಣಿಗೆ ಬಡಿದು ವಾಪಸ್ ಬಂತು. ಎರಕದವರು ಸರಳು ಹಿಡಿದುಕೊಂಡೇ ತಿರುಗಿದರು. ಕ್ಯಾಬಿನ್ನಿನ ಕಿಟಕಿ ಸರಿಯಿತು. ತಂಗಿಯ ತಲೆ ಹೊರಗೆ ಬಂತು.

"ಅಕ್ಕ! ಕಾಗದ ಬಂತಾ?"

"ಬಂತು! ಸೀಲಿಲ್ಲ! ನನ್ನ ಸಹಿ ಮಾತ್ರ ಇದೆ!"

ಒಂದು ಗಳಿಗೆ ಅವಳು ಕೆಳಗೆ ನೋಡುತ್ತ ನಿಂತಳು. ಬಕೆಟ್ ತುಂಬಿತು, ಗಂಟೆ ಬಾರಿಸಿತು. ಎತ್ತು ಎಂಬ ಗಂಟೆ. ಎತ್ತಿದರೆ ಅವಳ ಕೆಲಸ ಉಳಿಯುತ್ತದೆ, ಇಳಿದರೆ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ಮೋಟರಿನ ಗುಂಯ್‌ಗುಡುವಿಕೆ ನಿಂತಿತು. ಅವಳು ಬಾಗಿಲು ತೆರೆದು ಏಣಿಯಿಂದ ಇಳಿಯತೊಡಗಿದಳು, ಅವಸರವಿಲ್ಲದೆ, ಒಂದೊಂದೇ ಮೆಟ್ಟಿಲು.

"ಏಯ್, ಹತ್ತು ಮೇಲೆ!" ಎಂದ ಮೇಲ್ವಿಚಾರಕ. "ಇಳಿದ್ರೆ ನಾಳೆಯಿಂದ ಬರೋದೇ ಬೇಡ. ಬೇರೆಯವನನ್ನ ಹತ್ತಿಸ್ತೀನಿ!"

"ಹತ್ತಿಸಿ. ಆದ್ರೆ ಬಕೆಟ್ ಪಕ್ಕ ನೀವೇ ಬಂದು ನಿಂತ್ಕೊಳ್ಳಿ," ಎಂದಳು ತಂಗಿ ಏಣಿಯ ಮೇಲಿಂದಲೇ.

ಎರಕದವರಲ್ಲಿ ಹಿರಿಯನೊಬ್ಬ ನನ್ನ ಹತ್ತಿರ ಬಂದ. ಹುಬ್ಬೆಲ್ಲ ಸುಟ್ಟು ಬೋಳಾಗಿತ್ತು. "ತಾಯಿ, ಕಾಗದ ಗೀಗದ ನಮಗೆ ಬೇಡ. ಬಾಯಲ್ಲಿ ಹೇಳಿ."

"ಇದೇ ಉಕ್ಕಿನ ಆರು ತುಂಡು ಯಂತ್ರಕ್ಕೆ ಹಾಕಿ ಎಳೆದಿದ್ದೆ. ಈ ಕೊಕ್ಕೆ ಈವರೆಗೆ ಎಷ್ಟು ಸಲ ಹೊತ್ತಿದೆಯೋ, ಅಷ್ಟಾಗೋಕೆ ಮುಂಚೆನೇ ಒಂದು ಮುರೀತು."

"ಮಿಕ್ಕ ಐದು?"

"ಆಮೇಲೆ ಮುರಿದವು. ಮುರೀದೇ ಉಳಿದದ್ದು ಒಂದೂ ಇಲ್ಲ."

ಅವನು ಕೊಕ್ಕೆಯನ್ನೊಮ್ಮೆ ನೋಡಿದ. "ನಡೀರಪ್ಪ ಈಚೆಗೆ," ಎಂದು ಸರಳನ್ನು ಗೋಡೆಗೆ ಒರಗಿಸಿದ. ಉಳಿದ ಏಳು ಜನವೂ ಹಾಗೇ ಮಾಡಿದರು. ಮೇಲ್ವಿಚಾರಕ ಬೈದ, ಬೇಡಿದ, ಮತ್ತೆ ಬೈದ. ಬಕೆಟ್ಟಿನ ಉಕ್ಕಿನ ಮೇಲೆ ಕೆನೆ ಕಟ್ಟಿ ಕಪ್ಪಾಗುತ್ತ ಬಂತು.

ನಾನು ಸುಳ್ಳುಗಾತಿಯೆಂದು ತೋರಿಸಲೆಂದೇ ಅವನು ಫಿಟ್ಟರನನ್ನು ಕರೆಸಿದ. ಕೊಕ್ಕೆಯನ್ನು ನೆಲಕ್ಕೆ ಇಳಿಸಿ ನಟ್ಟು ಬಿಚ್ಚಲು ಮಧ್ಯಾಹ್ನ ಎರಡಾಯಿತು. ಫಿಟ್ಟರ್ ಕೊರಳನ್ನು ಒರೆಸಿ, ಬಿರುಕಿದ್ದರೆ ಅದರೊಳಗೆ ಇಳಿಯುವ ಕೆಂಪು ದ್ರವ ಸವರಿ, ಕಾದು, ತೊಳೆದು, ಬಿಳಿ ಪುಡಿ ಸಿಂಪಡಿಸಿದ. ಬಿಳಿಯೊಳಗಿಂದ ಕೆಂಪು ಗೆರೆಯೊಂದು ಮೆಲ್ಲಗೆ ಮೇಲೆದ್ದಿತು. ತಿರುಪಿನ ಮೊದಲ ಎಳೆಯನ್ನು ಹಿಡಿದುಕೊಂಡು ಕೊರಳಿನ ಅರ್ಧ ಸುತ್ತು ಹೋಗಿ, ಅಲ್ಲಿಂದಲೂ ಒಂದು ಬೆರಳು ಮುಂದೆ ಹೋಗಿ ನಿಂತಿತು.

"ಇನ್ನು... ಎಷ್ಟು ಸಲಕ್ಕೆ ಬರ್ತಿತ್ತು?" ಎಂದು ಮೇಲ್ವಿಚಾರಕ ಕೇಳಿದ.

"ಇನ್ನೊಂದು ಸಲಕ್ಕೂ ನಾನು ಲೆಕ್ಕ ಹಾಕಿ ಕೊಡಲ್ಲ," ಅಂದೆ.

ಆದರೂ ಸಂಜೆ ತಂಗಿಯ ಕೈಗೆ ಕಾಗದ ಕೊಟ್ಟರು. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಕೂಡದು. ಕಾರಣದ ಜಾಗದಲ್ಲಿ ನಮ್ಮ ಪ್ರಯೋಗಾಲಯದ ಟಿಪ್ಪಣಿಯ ಮಾತೇ ಇತ್ತು: ಚಾಲಕಿಯ ಅನಗತ್ಯ ಎತ್ತುವಿಕೆ. ಬಿರುಕು ಬೆಳೆದದ್ದು ಅವಳಿಂದ.

ಗೇಟಿನ ಹೊರಗೆ ಅವಳ ತೋಳು ಹಿಡಿಯಲು ಹೋದೆ. ಕೊಡವಿಕೊಂಡಳು.

"ಆರು ತಿಂಗಳು ಅಕ್ಕ. ಪ್ರತಿ ಭಾನುವಾರ ನಿನ್ನ ಮನೇಲಿ ಉಂಡಿದ್ದೀನಿ. ಪುಟ್ಟಿಗೆ ಹಲ್ಲು ಬಿತ್ತಾ, ನಂಗೆ ಬೆನ್ನು ನೋಯ್ತಾ, ಎಲ್ಲಾ ಕೇಳಿದ್ದೀಯ. ಹೇಗೆ ಎತ್ತುತ್ತೀಯೇ ಅಂತ ಒಂದು ದಿನ ಕೇಳಿದ್ಯಾ? ಆ ಆಗೋಯ್ತು ಬರೆದದ್ದನ್ನ ನಂಬಿದೆ. ಅವನು ಆ ಏಣಿ ಹತ್ತಿದ್ದನ್ನ ನಾನಂತೂ ನೋಡಿಲ್ಲ."

ಅವಳ ಸಿಟ್ಟು ನ್ಯಾಯವಾದದ್ದು. ಅದನ್ನು ತಿಂದುಕೊಂಡೆ. ರಾತ್ರಿ ಪುಟ್ಟಿಗೆ ಜಡೆ ಬಿಚ್ಚುವಾಗ ಕೈ ಬಿರುಸಾಯಿತೆಂದು ಅವಳು "ಅಮ್ಮಾ, ನೋವು" ಎಂದಳು. ಮುತ್ತು ಕೊಟ್ಟು, ಬಾಚಣಿಗೆ ಕೆಳಗಿಟ್ಟು, ಬೆರಳಿನಲ್ಲೇ ಬಿಡಿಸಿದೆ. ಸಿಟ್ಟು ಎಲ್ಲಿಗೆ ಸೇರಬೇಕೋ ಅಲ್ಲಿಗೆ ಸೇರಲಿ ಎಂದುಕೊಂಡೆ.

ಮಂಗಳವಾರ ಬೆಳಿಗ್ಗೆ ಹೊಸ ವರದಿ ಹಿಡಿದು ದೊಡ್ಡವರ ಕೋಣೆಗೆ ಹೋದೆ. ಎರಡು ಪುಟ. ಅವರು ಎದ್ದು ಬಂದು ಕೈ ಕುಲುಕಿದರು.

"ಶಭಾಷ್! ನಮ್ಮ ಪ್ರಯೋಗಾಲಯ ಸಮಯಕ್ಕೆ ಸರಿಯಾಗಿ ಅಪಾಯ ಹಿಡೀತು ಅಂತ ಕಾರ್ಖಾನೆಯ ಯಜಮಾನರೇ ಫೋನ್ ಮಾಡಿದ್ರು."

"ಇದಕ್ಕೆ ಸಹಿ ಬೇಕು ಸಾರ್."

ಕೂತು ಕಣ್ಣಾಡಿಸಿದರು. ಮೊದಲ ಪುಟದ ಮಧ್ಯಕ್ಕೆ ಬಂದಾಗ ಮುಖ ಸಿಂಡರಿಸಿ ಗಟ್ಟಿಯಾಗಿ ಓದತೊಡಗಿದರು. "ಇದೇನಿದು? ಮೊದಲ ವರದಿಯ ತಪ್ಪು ಪ್ರಯೋಗಾಲಯದ್ದು. ಸೋಮವಾರದ ಟಿಪ್ಪಣಿಯನ್ನು ಹಿಂದಕ್ಕೆ ಪಡೆಯಲಾಗಿದೆ. ಪ್ರತಿ ಬಕೆಟ್ಟಿಗೆ ಮೂರು ಎತ್ತುವಿಕೆ ಸುರಕ್ಷಿತ ಪದ್ಧತಿ, ಮುಂದುವರಿಸತಕ್ಕದ್ದು. ಎಣಿಕೆ ಒದಗಿಸಿದವರು: ಕ್ರೇನ್ ಚಾಲಕಿ. ಇದನ್ನೆಲ್ಲ ಯಾಕೆ ಹಾಕ್ತೀಯಮ್ಮ? ಮುಗಿದ ಕಥೆ."

"ನನ್ನ ತಂಗಿ ಮನೇಲಿ ಕೂತಿದ್ದಾಳೆ ಸಾರ್. ಮುಗಿದಿಲ್ಲ."

"ಆ ನಾಲ್ಕು ಸಾಲು ತೆಗೆದು ತಾ. ಸಹಿ ಮಾಡ್ತೀನಿ."

"ತೆಗೆಯಲ್ಲ."

"ಹಾಗಾದ್ರೆ ಅದನ್ನ ಅಲ್ಲಿಟ್ಟು ಹೋಗು. ನೋಡೋಣ."

ನಾನು ಎದುರಿನ ಕುರ್ಚಿ ಎಳೆದುಕೊಂಡು ಕೂತೆ. ಚೀಲವನ್ನು ಮಡಿಲಲ್ಲಿಟ್ಟುಕೊಂಡೆ. ಅವರು ಬೇರೆ ಕಡತ ತೆರೆದರು. ಫೋನಿನಲ್ಲಿ ಮಾತಾಡಿದರು. ಯಾರೋ ಬಂದರು, ಹೋದರು. ಚಹಾ ಬಂತು, ಒಂದೇ ಲೋಟ. ಊಟ ಬೇಡವೆಂದು ಬಾಯಿ ಬಿಗಿಹಿಡಿದ ಮಗುವಿನ ಮುಂದೆ ತುತ್ತು ಹಿಡಿದು ಎಷ್ಟು ಹೊತ್ತು ಕೂರಬೇಕಾಗುತ್ತದೆಂಬುದು ನನಗೆ ಗೊತ್ತು. ಬೈಯಬಾರದು, ಏಳಬಾರದು, ತುತ್ತನ್ನು ಕೆಳಗಿಡಬಾರದು. ಒಳಗೆ ಎಷ್ಟೇ ಕುದಿಯುತ್ತಿದ್ದರೂ ಕೈ ಅಲುಗಬಾರದು. ಹನ್ನೆರಡಾಯಿತು. ಕಿಟಕಿಯ ಬಿಸಿಲು ಮೇಜಿನ ಮೇಲಿಂದ ಅವರ ಮೊಣಕೈಗೆ ಬಂತು. ಅವರು ಕುರ್ಚಿ ಸರಿಸಿಕೊಂಡರು. ನಾನು ಸರಿಸಿಕೊಳ್ಳಲಿಲ್ಲ.

ಒಂದು ಗಂಟೆಗೆ ಅವರು ಉಸ್ಸೆಂದು ಕನ್ನಡಕ ತೆಗೆದರು. "ನೀನು ಇಷ್ಟು ಹಟಮಾರಿ ಅಂತ ಗೊತ್ತಿರಲಿಲ್ಲ," ಎಂದು ಪೆನ್ನಿನ ಮುಚ್ಚಳ ತೆಗೆದು, ಎರಡನೆಯ ಪುಟ ತಿರುವಿ, ಸಹಿಯ ಜಾಗಕ್ಕೆ ಕೈ ತಂದರು.

ನಾನು ಅಂಗೈಯನ್ನು ಹಾಳೆಯ ಮೇಲೆ ಇಟ್ಟೆ.

"ಮೊದಲಿಂದ ಓದಿ ಸಾರ್. ಪೂರ್ತಿ. ನಾನು ಕೂತಿರ್ತೀನಿ."